ಹುಡುಗರ ಮೊದಲ ಕಾರು: ಹಳೇ ಡಬ್ಬಾ ಸಾಕು ಅನ್ನುವವರಿಗೆ

"ಅಣ್ಣಾರ, ಹುಡುಗಗ ಲೈಸೆನ್ಸ್ ಬಂತ್ರಿ. ಕೈ ಕುಂದ್ರೋತನಕ ಒಂದು ಹಳೀ ಗಾಡಿ ಕೊಡಿಸ್ಬೇಕಂತ ಮಾಡೀನಿ. ಯಾವ್ದು ತಗೊಳ್ಲಿ?"

ಕಲಬುರಗಿಯ ರಿಂಗ್ ರೋಡ್ ಹತ್ತಿರ ನನ್ನ ಗ್ಯಾರೇಜು. ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಪಿಯುಸಿ ರಿಸಲ್ಟ್ ಬಂದ ಮೇಲಂತೂ ಇನ್ನೂ ಜಾಸ್ತಿ. ಕೇಳುವವರು ಲೆಕ್ಕ ಮೊದಲೇ ಹಾಕಿಕೊಂಡು ಬಂದಿರುತ್ತಾರೆ. ಒಂದೂವರೆ ಲಕ್ಷದೊಳಗೆ ಹತ್ತು ಹದಿನೈದು ವರ್ಷದ ಒಂದು ಕಾರು. ಗೋಡೆಗೆ ತಾಗಿಸಲಿ, ಗೇಟಿಗೆ ಉಜ್ಜಲಿ, ಹೊಟ್ಟೆ ಉರಿಯಬಾರದು. ಕೈ ಕುಳಿತ ಮೇಲೆ ಒಳ್ಳೆಯ ಗಾಡಿ ಕೊಟ್ಟರಾಯಿತು.

ನನ್ನ ಉತ್ತರ ಇದಕ್ಕೆ ಪೂರ್ತಿ ಉಲ್ಟಾ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಓಡಿಸಿದವರು ಯಾರೋ, ಅವರ ಕೈಗೆ ಎಲ್ಲಕ್ಕಿಂತ ಸೇಫ್ ಇರುವ ಕಾರು ಹೋಗಬೇಕು. ಹಳೇ ಗಾಡಿ ಅಪ್ಪ ಓಡಿಸಲಿ. ಇಪ್ಪತ್ತು ವರ್ಷ ಓಡಿಸಿದ ಅಪ್ಪನಿಗೆ ಮುಂದಿನ ಟ್ರ್ಯಾಕ್ಟರ್ ಈಗ ನಿಲ್ಲುತ್ತದೆ ಅನ್ನುವುದು ಅದು ನಿಲ್ಲುವ ಮೊದಲೇ ಹೊಳೆದಿರುತ್ತದೆ. ಹದಿನೆಂಟರ ಹುಡುಗನಿಗೆ ನಿಂತ ಮೇಲೆ ಹೊಳೆಯುತ್ತದೆ. ಬಾಗಿಲಿಗೆ ಬಿದ್ದ ಗೀರು ನನ್ನ ಹತ್ತಿರ ಬಂದರೆ ಕೆಲವು ಸಾವಿರದಲ್ಲಿ ಹೋಗುತ್ತದೆ. ಎದೆ ಸ್ಟೀರಿಂಗಿಗೆ ಬಡಿದರೆ ಅದನ್ನು ಸರಿ ಮಾಡುವ ಗ್ಯಾರೇಜ್ ಎಲ್ಲೂ ಇಲ್ಲ.

"ಹಂಗಾರ ಯಾವ್ ಕಂಪನಿದು?" ಅಂತ ತಕ್ಷಣ ಕೇಳುತ್ತಾರೆ. ನಾನು ಕಂಪನಿಗಿಂತ ಮೊದಲು ಇಸವಿ ನೋಡಿ ಅನ್ನುತ್ತೇನೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಅದೇ ವರ್ಷ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ, ವೇಗ 80 ದಾಟಿದರೆ ಕೂಗುವ ಬೀಪ್, ಹಿಂದೆ ಪಾರ್ಕಿಂಗ್ ಸೆನ್ಸರ್ ಬಂದವು. ಡ್ರೈವರ್ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇರಲೇಬೇಕು ಅಂತಾಗಿದ್ದು 2021ರ ಡಿಸೆಂಬರ್ 31ರಿಂದ. ಅದಕ್ಕೇ ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ನಾನು 2022 ಅಥವಾ ಆಮೇಲೆ ತಯಾರಾದ ಗಾಡಿ ಅಂತ ಗೆರೆ ಹಾಕಿಬಿಡುತ್ತೇನೆ. ಎಲ್ಲಕ್ಕಿಂತ ಕಡಿಮೆ ರೇಟಿನ ಬೇಸ್ ಮಾಡೆಲ್ ಆದರೂ ಇಷ್ಟು ಇದ್ದೇ ಇರುತ್ತದೆ. ಅದಕ್ಕಿಂತ ಹಳೆಯದರಲ್ಲಿ ಒಂದೇ ಹೆಸರಿನ ಎರಡು ಕಾರು ನಿಲ್ಲಿಸಿ ನೋಡಿದರೆ, ಟಾಪ್ ಮಾಡೆಲ್‌ನಲ್ಲಿ ಏರ್‌ಬ್ಯಾಗ್ ಇರುತ್ತದೆ, ಬೇಸ್‌ನಲ್ಲಿ ಆ ಜಾಗದಲ್ಲಿ ಬರೀ ಪ್ಲಾಸ್ಟಿಕ್ ಮುಚ್ಚಳ. ಇನ್ನು ಇಎಸ್‌ಸಿ ಅಂತ ಒಂದಿದೆ. ತಿರುವಿನಲ್ಲಿ ಗಾಡಿ ಜಾರತೊಡಗಿದರೆ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಸಿಕ್ಕರೆ ಬಿಡಬೇಡಿ. ಸನ್‌ರೂಫಿಗೆ ಕೊಡುವ ದುಡ್ಡು ಅದಕ್ಕೆ ಕೊಡಿ.

ಕಾರನ್ನು ಬೇಕಂತಲೇ ಗುದ್ದಿಸಿ, ಒಳಗಿದ್ದವರು ಎಷ್ಟು ಸೇಫ್ ಅಂತ 5ರವರೆಗೆ ಕೊಡುವ ಸ್ಟಾರ್ ಲೆಕ್ಕ ಈಗ ಎಲ್ಲರ ಬಾಯಲ್ಲೂ ಇದೆ. ಒಳ್ಳೆಯದೇ. ಆದರೆ ಹೆಸರು ಒಂದೇ ಅಂತ ಸ್ಟಾರ್ ಒಂದೇ ಆಗುವುದಿಲ್ಲ. ಟಾಟಾ ನೆಕ್ಸಾನ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆಯ ಪರೀಕ್ಷೆಯಲ್ಲಿ 2018ರ ಆಗಸ್ಟ್‌ನಲ್ಲಿ ಬಂದಿದ್ದು 4 ಸ್ಟಾರ್. ಒಂದಷ್ಟು ಸುಧಾರಿಸಿದ ಮೇಲೆ ಅದೇ ವರ್ಷ ಡಿಸೆಂಬರ್‌ನಲ್ಲಿ 5 ಬಂತು. ಮಾರುತಿ ಡಿಜೈರ್‌ಗೆ 5 ಸ್ಟಾರ್ ಬಂದಿದ್ದು 2024ರ ನವೆಂಬರ್‌ನಲ್ಲಿ, ಅದೂ ಆಗ ಹೊಸದಾಗಿ ಬಂದ ಮಾಡೆಲ್‌ಗೆ. ಪರಿಚಯದವರೊಬ್ಬರು ಆ ಸುದ್ದಿ ಓದಿ, ಮಗನಿಗೆ ಅಂತ 2016ರ ಡಿಜೈರ್‌ಗೆ ಅಡ್ವಾನ್ಸ್ ಕೊಟ್ಟು ನನ್ನ ಹತ್ತಿರ ಬಂದಿದ್ದರು. ಅದು ಬೇರೆ ಗಾಡಿ, ಇದು ಬೇರೆ ಗಾಡಿ ಅಂತ ಕೂರಿಸಿ ಹೇಳಬೇಕಾಯಿತು. 2023ರ ಅಕ್ಟೋಬರ್‌ನಿಂದ ಇಂಥದೇ ಪರೀಕ್ಷೆ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಶುರುವಾಗಿದೆ. ಯಾವ ವರ್ಷದ, ಯಾವ ಮಾಡೆಲ್ ಅಂತ ಅದರಲ್ಲೇ ನೋಡಿಕೊಳ್ಳಬಹುದು. ಆ ಪರೀಕ್ಷೆಯಲ್ಲಿ ಗಾಡಿಯನ್ನು ಎದುರಿಗೆ ಗುದ್ದಿಸುವುದು 64 ಕಿಲೋಮೀಟರ್ ವೇಗದಲ್ಲಿ. ಜೇವರ್ಗಿ ರೋಡಿನಲ್ಲಿ ಹುಡುಗರು 100 ಹೊಡೆಯುತ್ತಾರೆ ಅಲ್ವಾ, ಅದಕ್ಕೆ ಯಾರೂ ಸ್ಟಾರ್ ಕೊಟ್ಟಿಲ್ಲ. ವೇಗ ಎರಡು ಪಟ್ಟಾದರೆ ಪೆಟ್ಟಿನ ಬಲ ನಾಲ್ಕು ಪಟ್ಟು.

ಹುಡುಗರು ಕೇಳುವುದು ಬೇರೆ. ಎತ್ತರದ, ಭಾರದ ದೊಡ್ಡ ಗಾಡಿ ಬೇಕು. ಊರಲ್ಲಿ ವಜನು ಕಾಣುತ್ತದೆ ಅಂತ ಅಪ್ಪಂದಿರಿಗೂ ಒಳಗೊಳಗೇ ಇಷ್ಟ. ಹಳೆಯ ಎತ್ತರದ ಗಾಡಿಯನ್ನು ಗಾಬರಿಯಲ್ಲಿ ಜೋರಾಗಿ ತಿರುಗಿಸಿದರೆ ಪಲ್ಟಿ ಹೊಡೆಯುವ ಅಪಾಯ ಜಾಸ್ತಿ. ಹೊಸ ಡ್ರೈವರ್ ಮಾಡುವ ಮೊದಲ ತಪ್ಪೇ ಅದು: ನಾಯಿ ಅಡ್ಡ ಬಂತು ಅಂತ ಸ್ಟೀರಿಂಗ್ ಎಳೆಯುವುದು. ತೀರಾ ಚಿಕ್ಕ, ಹಗುರ ಗಾಡಿಯೂ ಬೇಡ. ಸೇಡಂ ಕಡೆಯಿಂದ ಸಿಮೆಂಟ್ ಲಾರಿಗಳು ಬರುವ ರಸ್ತೆ ನಮ್ಮದು. ನಡುವಿನದು ಸಾಕು, ಸಾಧಾರಣ ಎಂಜಿನ್ ಇದ್ದರೆ ಸಾಕು.

ನಮ್ಮ ಕಡೆ ಬಹಳ ಜನ ಹೈದರಾಬಾದಿನಿಂದ ಗಾಡಿ ತರುತ್ತಾರೆ. ಹತ್ತಿರ, ರೇಟೂ ಕಡಿಮೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಅಭ್ಯಂತರವಿಲ್ಲ ಅನ್ನುವ ಪತ್ರ ತಂದು ಇಲ್ಲಿ ರಿಜಿಸ್ಟರ್ ಮಾಡಿಸಬೇಕು, ಕರ್ನಾಟಕದ ರೋಡ್ ಟ್ಯಾಕ್ಸ್ ಕಟ್ಟಬೇಕು. ಅದನ್ನೂ ಸೇರಿಸಿ ರೇಟ್ ನೋಡಿ. ಆದರೆ ನನಗೆ ಅದಕ್ಕಿಂತ ದೊಡ್ಡ ಚಿಂತೆ ನೀರಲ್ಲಿ ಮುಳುಗಿದ ಗಾಡಿಗಳದ್ದು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಎಂಥ ನೆರೆ ಬಂತು ಅಂತ ಗೊತ್ತಿದೆಯಲ್ಲ. ಮುಳುಗಿದ ಗಾಡಿಯನ್ನು ಎಷ್ಟೇ ತೊಳೆಯಲಿ, ಸೀಟ್ ಬೆಲ್ಟನ್ನು ಪೂರ್ತಿ ತೊಳೆಯುವವರು ಕಡಿಮೆ. ಬೆಲ್ಟ್ ಹಿಡಿದು ನಿಧಾನಕ್ಕೆ ಎಳೆಯುತ್ತಾ ಹೋಗಿ. ಕೊನೆಯ ಒಂದು ಮೊಳ ಯಾವಾಗಲೂ ಒಳಗೇ ಸುತ್ತಿಕೊಂಡಿರುತ್ತದೆ. ಅಲ್ಲಿ ಕೆಸರಿನ ಕಂದು ಗೆರೆ ಇದ್ದರೆ, ಮೂಗಿಗೆ ಮುಗ್ಗಲು ವಾಸನೆ ಬಂದರೆ, ಚಹಾ ಕುಡಿದು ವಾಪಸ್ ಬನ್ನಿ. ಆ ಗಾಡಿಯ ಏರ್‌ಬ್ಯಾಗ್ ವೈರಿಂಗ್ ಮೇಲೆ ನಂಬಿಕೆ ಇಡುವ ಹಾಗಿಲ್ಲ.

ಕೀ ಆನ್ ಮಾಡಿದಾಗ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ದೀಪ ಹತ್ತಲೇ ಇಲ್ಲ ಅಂದರೆ ಅದು ಇನ್ನೂ ಕೆಟ್ಟದ್ದು. ಒಮ್ಮೆ ಹಾಗೆ ಅನುಮಾನ ಬಂದು ಒಂದು ಗಾಡಿಯ ಮೀಟರ್ ಬಿಚ್ಚಿದೆ. ಆ ದೀಪದ ಮೇಲೆ ಕಪ್ಪು ಟೇಪಿನ ಸಣ್ಣ ತುಂಡು ಅಂಟಿಸಿದ್ದರು. ಸ್ಟೀರಿಂಗ್ ಒಳಗೆ ಏರ್‌ಬ್ಯಾಗೇ ಇರಲಿಲ್ಲ. ಹಿಂದೆ ಯಾವಾಗಲೋ ಒಡೆದಿದೆ, ಹೊಸದು ಹಾಕಿಲ್ಲ, ಮುಚ್ಚಿ ಮಾರಿದ್ದಾರೆ. ಆ ಗಾಡಿ ತಂದವರು ಮಗಳು ಕಾಲೇಜಿಗೆ ಹೋಗಲಿ ಅಂತ ತಂದಿದ್ದರು. ಇವತ್ತಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3219 ಅಂತಿದ್ದರೆ 2019ರ 32ನೇ ವಾರ ತಯಾರಾಗಿದೆ ಅಂತ ಅರ್ಥ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಸೀಳು ಬಿಡುತ್ತದೆ. ಮೇಲಿನ ಅಚ್ಚು ಇನ್ನೂ ಸವೆದಿಲ್ಲ ಅಂತ ಹಳೇ ಟೈರ್ ಓಡಿಸಬೇಡಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಲು ಬಂದರೆ ನಾನು ಹಾಕುವುದಿಲ್ಲ. ಅದಕ್ಕೆ ಕಾನೂನಿನಲ್ಲೂ ಜಾಗವಿಲ್ಲ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳುವುದಕ್ಕೂ ಅದು ಅಡ್ಡಿ.

ಇಷ್ಟೆಲ್ಲ ನೋಡಿ ತಂದ ಗಾಡಿಯನ್ನೂ ಓಡಿಸುವವರಿಗೆ ಪರಿಚಯ ಮಾಡಿಸಬೇಕು. ನನ್ನ ಮಗಳಿಗೆ ಲೈಸೆನ್ಸ್ ಬಂದ ವಾರ ಒಂದು ಬೆಳಿಗ್ಗೆ ಊರ ಹೊರಗೆ ಕರೆದುಕೊಂಡು ಹೋದೆ. ಪ್ಲಾಟ್ ಹಾಕಿ ರಸ್ತೆ ಮಾಡಿದ ಲೇಔಟ್, ಒಂದೂ ಮನೆ ಎದ್ದಿರಲಿಲ್ಲ. ರಾತ್ರಿ ಮಳೆಯಾಗಿತ್ತು. ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬಂದ ಎರೆ ಮಣ್ಣು ಡಾಂಬರಿನ ಮೇಲೆ ಬಿದ್ದು ಬೆಣ್ಣೆ ಹಾಗೆ ಜಾರುತ್ತಿತ್ತು. ಮೊದಲು ಸೀಟು ಸರಿ ಮಾಡಿಸಿದೆ. ಅವಳು ಗಿಡ್ಡ, ಸ್ಟೀರಿಂಗಿಗೆ ಅಂಟಿಕೊಂಡು ಕೂರುತ್ತಿದ್ದಳು. ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಜಾಗ ಬೇಕು, ಎದೆಗೂ ಸ್ಟೀರಿಂಗಿಗೂ ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿಯೇ ಇರಲಿ. ಆಮೇಲೆ 40ರಲ್ಲಿ ಹೋಗು, ನಾನು ಹೇಳಿದ ಕೂಡಲೇ ಬ್ರೇಕ್ ಪೂರ್ತಿ ಒತ್ತು ಅಂದೆ. ಒತ್ತಿದಳು. ಕಾಲಡಿ ಪೆಡಲ್ ಗರಗರ ಅಂತ ನಡುಗಿತು. ಗಾಬರಿಯಾಗಿ ಕಾಲು ತೆಗೆದುಬಿಟ್ಟಳು.

"ಅಪ್ಪಾ, ಏನೋ ಮುರೀತು!"

ಏನೂ ಮುರಿದಿರಲಿಲ್ಲ. ಅದು ಎಬಿಎಸ್ ಕೆಲಸ ಮಾಡುವ ರೀತಿ. ಚಕ್ರ ಲಾಕ್ ಆಗದ ಹಾಗೆ ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತದೆ, ಅದಕ್ಕೇ ಸ್ಟೀರಿಂಗ್ ನಮ್ಮ ಮಾತು ಕೇಳುತ್ತದೆ. ಅಪಾಯದ ಹೊತ್ತಲ್ಲಿ ಮೊದಲ ಸಲ ಆ ನಡುಕ ಕಾಲಿಗೆ ಸಿಕ್ಕರೆ ಯಾರೇ ಆದರೂ ಕಾಲು ತೆಗೆಯುತ್ತಾರೆ. ಏಳೆಂಟು ಸಲ ಮಾಡಿಸಿದೆ. ಕೊನೆಗೆ ಪೆಡಲ್ ಒತ್ತಿಹಿಡಿದು, ನಾನು ಇಟ್ಟ ಕಲ್ಲನ್ನು ತಪ್ಪಿಸಿ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದಳು. ಗಾಡಿ ಕೊಡಿಸುವ ಪ್ರತಿ ಅಪ್ಪನೂ ಇದನ್ನೊಂದು ಮಾಡಿಸಲಿ ಅನ್ನುವುದು ನನ್ನ ಆಸೆ.

ಆರು ತಿಂಗಳು ರಾತ್ರಿ ಹೈವೇ ಬೇಡ ಅಂದಿದ್ದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ದೀಪವೂ ಇಲ್ಲದೆ ಹೋಗುತ್ತವೆ. ಸುಗ್ಗಿಯಲ್ಲಿ ಕೆಲವು ಕಡೆ ಒಕ್ಕಣೆಗೆ ಅಂತ ರಸ್ತೆ ಮೇಲೇ ರಾಶಿ ಹರಡಿರುತ್ತಾರೆ, ಅದರ ಮೇಲೆ ಬ್ರೇಕ್ ಹಾಕಿದರೆ ಗಾಡಿ ನಿಲ್ಲದೆ ಜಾರುತ್ತದೆ. ನಾಲ್ಕು ಜನ ಗೆಳೆಯರನ್ನು ತುಂಬಿಕೊಂಡು ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವುದೂ ಆಮೇಲೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು. 18 ಆಗದ ಮಕ್ಕಳ ಕೈಗೆ ಕೀ ಕೊಡುವವರಿಗೆ ಒಂದೇ ಮಾತು: 2019ರ ತಿದ್ದುಪಡಿ ಕಾನೂನಿನ ಪ್ರಕಾರ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಮೊದಲಿಗೆ ಕೇಳಿದರಲ್ಲ, ಆ ಯಜಮಾನರು ಹೊಸದೇನೂ ಕೊಳ್ಳಲಿಲ್ಲ. ತಮ್ಮ ಎರಡು ವರ್ಷದ ಕಾರನ್ನೇ ಮಗನಿಗೆ ಬಿಟ್ಟು, ತಮಗೆ ಅಂತ ಅಣ್ಣನ ಮನೆಯಲ್ಲಿ ನಿಂತಿದ್ದ ಹಳೇ ಗಾಡಿ ತಂದುಕೊಂಡರು. ಹೋದ ವಾರ ಮಗನ ಗಾಡಿ ಸರ್ವಿಸಿಗೆ ಬಂದಿತ್ತು. ಎಡಗಡೆ ಎರಡೂ ಬಾಗಿಲಿಗೆ ಉದ್ದಕ್ಕೆ ಗೀರು. ಪೇಂಟ್ ಮಾಡಿಬಿಡಲಾ ಅಂತ ಕೇಳಿದೆ.

"ಇರ್ಲಿ ಬಿಡ್ರಿ ಅಣ್ಣಾರ," ಅಂದರು. "ಬ್ರೇಕ್ ಪ್ಯಾಡ್ ಅಷ್ಟು ಹೊಸಾವು ಹಾಕ್ರಿ."