ಚಿತ್ರದಲ್ಲಿ ಕಾಣುವ ಕವಲು ಸಕ್ಕರೆಯದ್ದಾ, ಸೂಜಿಯದ್ದಾ?

ಒಂದೊಂದೇ ಸಕ್ಕರೆ ಅಣುವಿನ ಚಿತ್ರ ತೆಗೆಯುವುದು ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಸ್ಕ್ರೀನ್ ಮೇಲೆ ಕಾಣುವುದು ಬರೀ ಅಣು ಅಲ್ಲ, ಚಿತ್ರ ತೆಗೆಯುವ ನಮ್ಮ ಮೈಕ್ರೋಸ್ಕೋಪಿನ ಸೂಜಿಯೂ ಅದರಲ್ಲಿ ಬೆರೆತಿರುತ್ತದೆ.

ಚಿತ್ರವೇ ಯಾಕೆ ಬೇಕು? ಮಾಲ್ಟೋಸ್, ಐಸೋಮಾಲ್ಟೋಸ್ ನೋಡಿ. ಎರಡರಲ್ಲೂ ಎರಡೆರಡು ಗ್ಲೂಕೋಸ್, ಎರಡರ ಅಣುತೂಕವೂ 342. ಅವನ್ನು ಜೋಡಿಸುವ ಕೊಂಡಿ ಒಂದರಲ್ಲಿ 4ನೇ ಕಾರ್ಬನ್‌ಗೆ, ಇನ್ನೊಂದರಲ್ಲಿ 6ನೆಯದಕ್ಕೆ. ತೂಕ ಮಾತ್ರ ನೋಡಿದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಪ್ರೋಟೀನ್ ಆದರೆ ಡಿಎನ್ಎ ಓದಿ ಅದರ ಘಟಕಗಳ ಸಾಲು ಹೇಳಬಹುದು. ಸಕ್ಕರೆ ಸರಪಳಿಗೆ ಅಂಥ ಅನುಕೂಲ ಇಲ್ಲ, ಜೊತೆಗೆ ಅದು ಕವಲೂ ಒಡೆಯುತ್ತದೆ.

ಚಿತ್ರ ತೆಗೆಯಲು ಅಣುವನ್ನು ಮೊದಲು ಒಂದು ಹರಳಿನ ಮೇಲೆ ಕೂರಿಸಬೇಕು. ಅದಕ್ಕೆ ಬಿಸಿ ಮಾಡಿ ಆವಿಯಾಗಿಸೋಣ ಅಂದರೆ ಅಷ್ಟರಲ್ಲೇ ಸಕ್ಕರೆ ಕರಕಲಾಗಿರುತ್ತದೆ. ಹಾಗಾಗಿ ಎಲೆಕ್ಟ್ರೋಸ್ಪ್ರೇ: ದ್ರಾವಣವನ್ನು ಹೆಚ್ಚು ವೋಲ್ಟೇಜಿನಲ್ಲಿ ತುಂತುರು ಮಾಡಿ, ಬಂದ ಅಯಾನುಗಳಲ್ಲಿ (ವಿದ್ಯುದಾವೇಶ ಇರುವ ಅಣುಗಳಲ್ಲಿ) ಬೇಕಾದ ತೂಕದ್ದನ್ನು ಮಾತ್ರ ಆರಿಸಿ, ಮುರಿಯದ ಹಾಗೆ ವೇಗ ತಗ್ಗಿಸಿ, ನಿರ್ವಾತದಲ್ಲಿ ತಾಮ್ರದ ಹರಳಿನ ಮೇಲೆ ಮೆತ್ತಗೆ ಇಳಿಸುವುದು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಿಡಿ ಸಕ್ಕರೆ ಸರಪಳಿಗಳ ಚಿತ್ರ ತೋರಿಸಿದ್ದು ಇದೇ ದಾರಿಯಲ್ಲಿ. 2023ರಲ್ಲಿ ಪ್ರೋಟೀನಿಗೆ ಅಂಟಿದ ಸಕ್ಕರೆಗಳೂ ಕಂಡವು.

ಆಮೇಲೆ ಸೂಜಿಯ ಕಥೆ. ಬಿನ್ನಿಗ್ ಮತ್ತು ರೋಹ್ರರ್ ಎಂಬ ವಿಜ್ಞಾನಿಗಳು 1981ರಲ್ಲಿ ಕಟ್ಟಿದ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪಿನಲ್ಲಿ ಲೆನ್ಸ್ ಇಲ್ಲ. ಸೂಜಿ ಮತ್ತು ಅಣುವಿನ ನಡುವೆ ಹರಿಯುವ ಕರೆಂಟನ್ನು ಅಳೆಯುತ್ತೇವೆ, ಅಷ್ಟೇ. ದೂರ 0.1 ನ್ಯಾನೋಮೀಟರ್ ಹೆಚ್ಚಾದರೆ ಆ ಕರೆಂಟು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ತುದಿಯ ಒಂದೇ ಪರಮಾಣು ಬಹುಪಾಲು ಕೆಲಸ ಮಾಡುತ್ತದೆ. ಆದರೆ ತುದಿಯಲ್ಲಿ ಎರಡು ಉಬ್ಬು ಇದ್ದರೆ? ಒಂದೇ ಅಣುವನ್ನು ಎರಡು ಸಲ ಮುಟ್ಟಿದ ಹಾಗಾಗಿ, ನೇರ ಸರಪಳಿಯ ಪಕ್ಕದಲ್ಲಿ ಇಲ್ಲದ ಒಂದು ಕವಲು ಮೂಡುತ್ತದೆ. ಚಿತ್ರ ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಾರೆ. ಇದು ಚೊಕ್ಕವಾಗಿಯೇ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ.

ಪತ್ತೆ ಮಾಡುವುದು ಸುಲಭ, ಆದರೆ ತಾಳ್ಮೆ ಬೇಕು. ಹರಳಿನ ಮೇಲೆ ಅಣುಗಳು ಒಂದೊಂದು ದಿಕ್ಕಿಗೆ ಬಿದ್ದಿರುತ್ತವೆ. ಕವಲು ನಿಜವಾದದ್ದಾದರೆ ಅಣು ತಿರುಗಿದ ಕಡೆಗೆ ಅದೂ ತಿರುಗಿರುತ್ತದೆ, ಅಲ್ವಾ? ಸೂಜಿಯದ್ದಾದರೆ ಎಲ್ಲ ಅಣುಗಳಲ್ಲೂ ಒಂದೇ ಬದಿಗೆ ಕಾಣುತ್ತದೆ. ಹಾಗಿದ್ದರೆ ಸೂಜಿಯನ್ನು ಖಾಲಿ ತಾಮ್ರದ ಮೇಲೆ ಸ್ವಲ್ಪ ಒತ್ತಿ ತುದಿ ಸರಿಮಾಡಿ, ಅದೇ ಅಣುವಿನ ಚಿತ್ರ ಮತ್ತೆ ತೆಗೆಯಿರಿ.

ಸಕ್ಕರೆ ಸರಪಳಿ ಬಳುಕುವ ಜಾತಿ. ಒಂದೇ ಬಗೆಯ ಅಣು ಒಂದು ಕಡೆ ಚಾಚಿಕೊಂಡು, ಇನ್ನೊಂದು ಕಡೆ ಮಡಚಿಕೊಂಡು ಬಿದ್ದಿರಬಹುದು. ಆದ್ದರಿಂದ ಒಂದೇ ಒಂದು ಚಿತ್ರ ನೋಡಿ ರಚನೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ರಚನೆ ಮೊದಲೇ ಗೊತ್ತಿರುವ, ನಾವೇ ತಯಾರಿಸಿದ ಸಕ್ಕರೆಯನ್ನು ಮೊದಲು ಇಳಿಸಿ ನೋಡಿ. ಅದರಲ್ಲೂ ಕವಲು ಎಣಿಸಲು ಆಗದಿದ್ದರೆ ಆ ದಿನ ಗೊತ್ತಿಲ್ಲದ ಸ್ಯಾಂಪಲ್ ಒಳಗೆ ಹಾಕಲೇಬೇಡಿ.