ಫೋಲ್ಡರ್ ಇದೆಯಾ ಅಂತ ನೋಡೋದು ಹೇಗೆ? ಇದೇ ಕೊನೆ ಸಲ ಹೇಳೋದು

ಬ್ಯಾಚ್ ಫೈಲಿನಲ್ಲಿ, ಅಂದರೆ ವಿಂಡೋಸ್ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲಿನಲ್ಲಿ, ಒಂದು ಫೋಲ್ಡರ್ ಇದೆಯಾ ಇಲ್ವಾ ಅಂತ ಪರೀಕ್ಷೆ ಮಾಡೋದು ಹೇಗೆ? ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ, ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಅಂತ ಓಡಾಡಿಕೊಂಡಿರುವ ನನಗೆ ಈ ಪ್ರಶ್ನೆ ಫೋನಿನಲ್ಲಿ ಬರುತ್ತದೆ, ವಾಟ್ಸಾಪಿನಲ್ಲಿ ಬರುತ್ತದೆ, ಬೆಣ್ಣೆ ದೋಸೆ ಮುರಿದು ಬಾಯಿಗೆ ಇಡುವಾಗಲೂ ಬಂದಿದೆ. ಶುರುವಾಗೋದೇ ಹೀಗೆ: ‘ಸರ್, ಒಂದು ಸಣ್ಣ ಡೌಟು, ಒಂದೇ ಲೈನ್ ಹೇಳಿಬಿಡ್ರಿ.’ ಸಣ್ಣದು, ಒಂದೇ ಲೈನ್ ಅಂತ ಮೊದಲೇ ಗೊತ್ತಿದ್ದರೆ ನನ್ನನ್ನು ಯಾಕೆ ಕೇಳ್ತೀರಿ?

ತಗೊಳ್ಳಿ ಆ ಲೈನು:

ಇಫ್ ಎಕ್ಸಿಸ್ಟ್ "ಇ:\ಬ್ಯಾಕಪ್\" ಎಕೋ ಇದೆ

ಇ ಡ್ರೈವಿನಲ್ಲಿ ಬ್ಯಾಕಪ್ ಫೋಲ್ಡರ್ ಇದ್ದರೆ ಸ್ಕ್ರೀನಿನ ಮೇಲೆ ‘ಇದೆ’ ಅಂತ ತೋರಿಸು ಅಂತ ಅರ್ಥ. ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲಿ ಹೊಡೆಯಿರಿ. ಕಾಪಿ ಪೇಸ್ಟ್ ಮಾಡೋಕೆ ಆಗಬಾರದು ಅಂತಲೇ ಹೀಗೆ ಬರೆದಿದ್ದು. ಕೈಯಾರೆ ಹೊಡೆದರೆ ಕೊನೆಯಲ್ಲಿರುವ ಬ್ಯಾಕ್‌ಸ್ಲ್ಯಾಶ್ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಬಿಡೋದು ಅದನ್ನೇ. ಅದಿಲ್ಲದಿದ್ದರೆ ಆ ಹೆಸರಿನ ಫೈಲ್ ಇದ್ದರೂ ಇಫ್ ಎಕ್ಸಿಸ್ಟ್ ಹೂಂ ಅನ್ನುತ್ತದೆ, ಫೋಲ್ಡರ್ ಇದ್ದರೂ ಹೂಂ ಅನ್ನುತ್ತದೆ. ಸ್ಲ್ಯಾಶ್ ಹಾಕಿದರೆ ಫೋಲ್ಡರಿಗೆ ಮಾತ್ರ ಹೂಂ. ಹೆಸರಿನ ನಡುವೆ ಸ್ಪೇಸ್ ಇದ್ದರೆ ಆಚೀಚೆ ಕೋಟ್ ಬೇಕೇ ಬೇಕು. ಸ್ಪೇಸ್ ಇಲ್ಲದಿದ್ದರೂ ಹಾಕಿ, ದುಡ್ಡೇನೂ ಖರ್ಚಾಗಲ್ಲ.

ಸ್ವಲ್ಪ ತಿಳಿದವರು ಇಲ್ಲಿ ಬಾಯಿ ಹಾಕುತ್ತಾರೆ: ‘ಕೊನೆಗೆ ನಲ್ ಅಂತ ಸೇರಿಸಬೇಕಲ್ವಾ?’ ಅದು ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಉಪಾಯ. ನಲ್ ಅನ್ನೋದು ಫೈಲ್ ಅಲ್ಲ, ಏನು ಕಳಿಸಿದರೂ ನುಂಗಿಬಿಡುವ ಒಂದು ಡಿವೈಸ್. ಪ್ರತಿ ಫೋಲ್ಡರಿನಲ್ಲೂ ಅದು ಇದೆ ಅಂತ ಡಾಸ್ ನಂಬಿಸುತ್ತಿತ್ತು, ಹಾಗಾಗಿ ನಲ್ ಸಿಕ್ಕರೆ ಫೋಲ್ಡರ್ ಇದೆ ಅಂತ ಲೆಕ್ಕ. ಈಗ ನೆಟ್‌ವರ್ಕ್ ಡ್ರೈವಿನ ಮೇಲೆ ಅದು ಕೈಕೊಡಬಹುದು. ಬಿಟ್ಟುಬಿಡಿ.

ಒಂದು ಸ್ಲ್ಯಾಶಿಗೆ ಇಷ್ಟು ಕೂಗಾಟ ಯಾಕೆ ಅಂತ ಕೇಳೋರಿಗೆ ಮಂಡಿಪೇಟೆಯ ಒಂದು ಅಂಗಡಿಯ ಕಥೆ ಹೇಳಬೇಕು. ಮೆಕ್ಕೆಜೋಳದ ವ್ಯಾಪಾರ. ದಿನಾ ಸಂಜೆ ಗುಮಾಸ್ತರು ಡೆಸ್ಕ್‌ಟಾಪಿನ ಮೇಲಿದ್ದ ಬ್ಯಾಚ್ ಫೈಲನ್ನು ಎರಡು ಸಲ ಒತ್ತಿ, ‘ಬ್ಯಾಕಪ್ ಓಕೆ’ ಅಂತ ಬಂದಮೇಲೆ ಬೀಗ ಹಾಕಿ ಹೋಗುತ್ತಿದ್ದರು. ಅದನ್ನು ಬರೆದುಕೊಟ್ಟವರು ಮಾಲೀಕರ ಅಳಿಯ, ಬೆಂಗಳೂರಲ್ಲಿ ಐಟಿ. ಎರಡೇ ಸಾಲು. ಲೆಕ್ಕದ ಫೋಲ್ಡರಿನ ಎಲ್ಲ ಫೈಲನ್ನೂ ಪೆನ್‌ಡ್ರೈವಿನ ಬ್ಯಾಕಪ್‌ಗೆ ಕಾಪಿ ಮಾಡು, ಆಮೇಲೆ ಬ್ಯಾಕಪ್ ಇದ್ದರೆ ಓಕೆ ಅನ್ನು. ಎರಡು ಸಾಲಿನಲ್ಲೂ ಸ್ಲ್ಯಾಶ್ ಇಲ್ಲ.

ಪೆನ್‌ಡ್ರೈವ್ ಹೊಸದು. ಅದರಲ್ಲಿ ಬ್ಯಾಕಪ್ ಅನ್ನೋ ಫೋಲ್ಡರನ್ನು ಯಾರೂ ಮಾಡಿಯೇ ಇರಲಿಲ್ಲ. ಆಗ ಕಾಪಿ ಕಮಾಂಡ್ ಏನು ಮಾಡುತ್ತದೆ ಗೊತ್ತಾ? ಎರರ್ ಕೊಡಲ್ಲ. ಬ್ಯಾಕಪ್ ಅನ್ನೋದು ಒಂದು ಫೈಲಿನ ಹೆಸರು ಇರಬೇಕು ಅಂದುಕೊಂಡು ಎಲ್ಲ ಫೈಲನ್ನೂ ಒಂದರ ಹಿಂದೆ ಒಂದು ಅಂಟಿಸಿ ಅದೊಂದೇ ಫೈಲಿಗೆ ತುಂಬುತ್ತದೆ. ಜೋಳ, ರಾಗಿ, ಭತ್ತ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದ ಹಾಗೆ. ಸುರಿಯುವಾಗ ಸೋರುವುದೂ ಉಂಟು. ಹೀಗೆ ಕೂಡಿಸುವಾಗ ಕಾಪಿ ಎಲ್ಲವನ್ನೂ ಬರೀ ಅಕ್ಷರದ ಫೈಲ್ ಅಂದುಕೊಳ್ಳುತ್ತದೆ. ಕಂಟ್ರೋಲ್ ಝಡ್ ಅನ್ನುವ 26ನೇ ನಂಬರಿನ ಗುರುತು ಎಲ್ಲಿ ಸಿಕ್ಕರೆ ಅಲ್ಲಿಗೆ ಆ ಫೈಲ್ ಮುಗಿಯಿತು ಅಂತ ಮುಂದಿನದಕ್ಕೆ ಹೋಗುತ್ತದೆ. ಸ್ಕ್ರೀನಿನ ಮೇಲೆ ಮಾತ್ರ ಎಲ್ಲ ಫೈಲುಗಳ ಹೆಸರೂ ಚೆನ್ನಾಗಿ ಓಡುತ್ತವೆ. ಕೊನೆಯಲ್ಲಿ ‘1 ಫೈಲ್ ಕಾಪಿ ಆಯಿತು’ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಆ 1 ಯಾರು ನೋಡ್ತಾರೆ? ಮಾರನೇ ದಿನ ಹಳೇ ಫೈಲಿನ ಮೇಲೆ ಬರೆಯಲಾ ಅಂತ ಕೇಳುವುದೂ ಇಲ್ಲ. ಕೀಬೋರ್ಡಿನಲ್ಲಿ ಹೊಡೆದರೆ ಕೇಳುತ್ತದೆ, ಬ್ಯಾಚ್ ಫೈಲಿನೊಳಗಿದ್ದರೆ ಸುಮ್ನೆ ಬರೆದುಬಿಡುತ್ತದೆ.

ಹಾರ್ಡ್‌ಡಿಸ್ಕ್ ಹೋದ ದಿನ ನನ್ನನ್ನು ಕರೆಸಿದರು. ಪೆನ್‌ಡ್ರೈವ್ ತೆರೆದರೆ ಒಂದೇ ಒಂದು ಫೈಲು. ಗುಮಾಸ್ತರು ‘ಇಲ್ರೀ, ದಿನಾ ಓಕೆ ಅಂತಿತ್ತಲ್ರಿ’ ಅಂತ ಅದನ್ನೇ ಹೇಳುತ್ತಿದ್ದರು. ಅವರದೇನು ತಪ್ಪು? ಬ್ಯಾಕಪ್ ಅನ್ನೋ ಹೆಸರಿನದು ಏನೋ ಒಂದು ಇತ್ತು, ಇದೆ ಅಂತ ಅದು ಹೇಳಿತು. ಕಡೆಗೆ ತೂಕದ ಚೀಟಿಗಳನ್ನು ಹರವಿಕೊಂಡು ಲೆಕ್ಕ ಮತ್ತೆ ಬರೆದರು, ಪಾಪ. ಅಳಿಯ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಹೇಳಿದ್ದು: ‘ಹಾಗಾದ್ರೆ ಫೋಲ್ಡರ್ ಇದೆಯಾ ಅಂತ ಚೆಕ್ ಮಾಡೋದು ಹೇಗೆ ಸರ್, ಒಂದೇ ಲೈನಲ್ಲಿ?’

ಎರಡೂ ಕಡೆ ಸ್ಲ್ಯಾಶ್ ಇದ್ದಿದ್ದರೆ ಮೊದಲ ಸಂಜೆಯೇ ದಾರಿ ಸಿಗಲಿಲ್ಲ ಅಂತ ಕಾಪಿ ನಿಂತುಬಿಡುತ್ತಿತ್ತು, ಓಕೆಯೂ ಬರುತ್ತಿರಲಿಲ್ಲ.

ನನಗೆ ಸಿಟ್ಟು ಬರೋದು ಪ್ರಶ್ನೆಗಲ್ಲ, ಅದು ಅರ್ಧಕ್ಕೆ ನಿಲ್ಲುತ್ತದಲ್ಲ, ಅದಕ್ಕೆ. ಇದೆಯಾ ಅಂತ ಕೇಳ್ತೀರಿ. ಇಲ್ಲದಿದ್ದರೆ ಏನು ಮಾಡಲಿ ಅಂತ ಯಾರೂ ಕೇಳಲ್ಲ. ಬರೀ ಫೋಲ್ಡರ್ ಬೇಕು, ಇಲ್ಲದಿದ್ದರೆ ಮಾಡಿಕೊಳ್ಳಲಿ ಅನ್ನೋದಾದರೆ ಪರೀಕ್ಷೆಯೇ ಬೇಡ. ನೇರವಾಗಿ ಫೋಲ್ಡರ್ ಮಾಡುವ ಕಮಾಂಡ್ ಎಂಡಿ ಹೊಡೆಯಿರಿ. ನಡುವಿನ ಫೋಲ್ಡರುಗಳನ್ನೂ ಅದೇ ಮಾಡಿಕೊಳ್ಳುತ್ತದೆ. ಮೊದಲೇ ಇದ್ದರೆ ಗೊಣಗುತ್ತದೆ, ಆ ಗೊಣಗಾಟವನ್ನು ನಲ್‌ಗೆ ಕಳಿಸಿ. ಆಮೇಲೆ ಸ್ಲ್ಯಾಶ್ ಹಾಕಿ ನೋಡಿ, ಇನ್ನೂ ಇಲ್ಲ ಅಂದರೆ ಅಲ್ಲೇ ನಿಲ್ಲಿಸಿ, ಕೀ ಒತ್ತುವವರೆಗೂ ಕಾಯುವ ‘ಪಾಜ್’ ಕಮಾಂಡ್ ಕೊಡಿ, ಮನುಷ್ಯರು ನೋಡಲಿ.

ಆದರೆ ಬ್ಯಾಕಪ್ ವಿಷಯದಲ್ಲಿ ಹಾಗೆ ತಾನಾಗಿ ಮಾಡಿಕೊಳ್ಳುವ ಬುದ್ಧಿ ಕೊಡಬೇಡಿ. ಇ ಅನ್ನೋ ಡ್ರೈವ್ ಅಕ್ಷರ ಯಾವ ಪೆನ್‌ಡ್ರೈವಿಗಾದರೂ ಬರಬಹುದು. ಮಾಲೀಕರ ಮಗ ಹಾಡು ತುಂಬಿಸೋಕೆ ತನ್ನದನ್ನು ಚುಚ್ಚಿದ್ದರೆ ಅದರಲ್ಲೇ ಫೋಲ್ಡರ್ ಹುಟ್ಟುತ್ತದೆ, ಅಂಗಡಿಯ ಲೆಕ್ಕ ಕಾರಿನ ಸ್ಟೀರಿಯೋದಲ್ಲಿ ಹರಿಹರಕ್ಕೆ ಹೋಗಿ ಬರುತ್ತದೆ. ಸರಿಯಾದ ಪೆನ್‌ಡ್ರೈವಿನಲ್ಲಿ ಒಂದು ಗುರುತಿನ ಫೈಲ್ ಇಟ್ಟು ಮೊದಲು ಅದನ್ನು ಹುಡುಕಿಸಿ. ಫೋಲ್ಡರಿಗೆ ಊರಿನ ಹೆಸರು ಇಟ್ಟರಂತೂ ಇನ್ನೊಂದು ಗೋಳು. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಒಬ್ಬರು ನಡುವೆ ಎ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೆ ವಿಂಡೋಸ್ ಸುಮ್ಮನಿರುತ್ತದೆ, ಒಂದು ಎ ಹೋದರೆ ಅದು ಬೇರೆ ಫೋಲ್ಡರೇ. ಅರ್ಧ ಬಿಲ್ ಅಲ್ಲಿ, ಅರ್ಧ ಇಲ್ಲಿ.

ಇನ್ನೊಂದು, ಇದು ಸ್ಲ್ಯಾಶ್ ಹಾಕೋರಿಗೇ. ಫೋಲ್ಡರಿನ ಹೆಸರನ್ನು ವೇರಿಯಬಲ್‌ನಲ್ಲಿ, ಅಂದರೆ ಬೆಲೆ ತುಂಬಿಡುವ ಒಂದು ಹೆಸರಿನಲ್ಲಿ, ಇಟ್ಟಿರುತ್ತೀರಿ, ಯಾವುದೋ ಕಾರಣಕ್ಕೆ ಅದು ಖಾಲಿ. ಆಗ ಕೋಟ್ ನಡುವೆ ಉಳಿಯೋದು ಬರೀ ಒಂದು ಸ್ಲ್ಯಾಶ್. ಅಂದರೆ ಆಗ ನಿಂತಿರುವ ಡ್ರೈವಿನ ರೂಟ್, ಎಲ್ಲಕ್ಕೂ ಮೇಲಿನ ಫೋಲ್ಡರ್. ಅದು ಯಾವತ್ತೂ ಇದ್ದೇ ಇರುತ್ತದೆ! ಮುಂದಿನ ಸಾಲು ಹಳೇ ಫೈಲ್ ಅಳಿಸೋದಾಗಿದ್ದರೆ ಏನಾಗುತ್ತದೆ ಅಂತ ನೀವೇ ಯೋಚನೆ ಮಾಡಿ. ಮೊದಲು ಇಫ್ ಡಿಫೈನ್ಡ್ ಹಾಕಿ, ವೇರಿಯಬಲ್ ಖಾಲಿಯಾ ಅಂತ ಅದು ನೋಡುತ್ತದೆ.

ಕಾಪಿ ಬಿಟ್ಟು ಇನ್ನೊಂದು ಕಾಪಿ ಕಮಾಂಡ್ ಆದ ರೋಬೋಕಾಪಿ ಬಳಸಬಹುದಾ? ಬಳಸಿ, ವಿಸ್ಟಾದಿಂದ ಈಚೆಗೆ ವಿಂಡೋಸ್ ಜೊತೆಗೇ ಬರುತ್ತದೆ. ಫೋಲ್ಡರ್ ತಾನೇ ಮಾಡಿಕೊಳ್ಳುತ್ತದೆ, ಆದ್ದರಿಂದ ಗುರುತಿನ ಫೈಲ್ ಅಲ್ಲೂ ಬೇಕು. ಫೈಲುಗಳನ್ನು ಸರಿಯಾಗಿ ಕಾಪಿ ಮಾಡಿದಾಗ ಅದು ಎರರ್‌ಲೆವೆಲ್ 1 ಕೊಡುತ್ತದೆ, ಅಂದರೆ ಕಮಾಂಡ್ ಮುಗಿದಾಗ ಬಿಟ್ಟುಹೋಗುವ ಫಲಿತಾಂಶದ ನಂಬರು. 8ಕ್ಕಿಂತ ಕಡಿಮೆ ಇದ್ದರೆ ಎರರ್ ಅಲ್ಲ. ಆ 1 ನೋಡಿ ಗಾಬರಿಯಾಗಿ ಭಾನುವಾರ ಬೆಳಿಗ್ಗೆ ನನಗೆ ಫೋನ್ ಮಾಡಬೇಡಿ.