ಡ್ರೈವರ್ ಸೈಡಿನ ಹಿಂದಿನ ಚಕ್ರ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿಗೆ ರಜೆ ಅಂದರೆ ಮಲ್ಪೆಯ ಮೀನಿನ ಲಾರಿಗಳಿಗೂ ರಜೆ. ತೆಂಗಿನ ತೋಟದ ಬದಿಯಲ್ಲೋ ಯಾರದೋ ಖಾಲಿ ಜಾಗದಲ್ಲೋ ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತವೆ. ಆಗಸ್ಟ್ ಬಂತೆಂದರೆ ಎಲ್ಲವೂ ಒಟ್ಟಿಗೇ ಎದ್ದು ಹೊರಡುತ್ತವೆ. ಒಂದರ ಬ್ಯಾಟರಿ ಕೂತಿರುತ್ತದೆ, ಇನ್ನೊಂದರ ಸೆಲ್ಫ್ ಹಿಡಿಯುವುದಿಲ್ಲ, ಮತ್ತೊಂದಕ್ಕೆ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುತ್ತದೆ. ಆದಿಉಡುಪಿಯಲ್ಲಿ ವಯರಿಂಗ್ ಅಂಗಡಿ ಇಟ್ಟ ನನಗೆ ಸೀಸನ್ ಅಂದರೆ ಅದೇ.

ಹೋದ ಆಗಸ್ಟಿನ ಒಂದು ಭಾನುವಾರ ಬಂದ ಆರು ಚಕ್ರದ ಲಾರಿಯದ್ದು ಬೇರೆ ತಕರಾರು. ಎಬಿಎಸ್, ಅಂದರೆ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಅದರ ಎಚ್ಚರಿಕೆ ದೀಪ ಆರುವುದಿಲ್ಲ. ಬೇರೆ ಕಡೆ, ಚಕ್ರ ತಿರುಗುವ ವೇಗ ತಿಳಿಸುವ ಹೊಸ ಸೆನ್ಸರ್ ಹಾಕಿಸಿಯೂ ಆಗಿತ್ತು.

"ದುಡ್ಡು ಹೋಯ್ತು, ದೀಪ ಹಾಗೇ ಉಂಟು ಮಾರಾಯ" ಅಂದರು ಮಾಲೀಕರು. ಹಳೇ ಗಿರಾಕಿ, ನಾನು ಅಣ್ಣ ಅಂತಲೇ ಕರೆಯುವುದು.

ಡ್ರೈವರಿನ ಸಲಹೆ ಸುಲಭದ್ದು. "ಬ್ರೇಕ್ ಹಿಡೀತದಲ್ಲ? ಬಲ್ಬ್ ತೆಗ್ದು ಬಿಡುವ."

ಬ್ರೇಕ್ ಹಿಡಿಯುವುದು ನಿಜ. ಎಬಿಎಸ್ ಕೈಕೊಟ್ಟರೂ ಗಾಳಿ ಬ್ರೇಕ್ ಎಂದಿನಂತೆ ಕೆಲಸ ಮಾಡುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಗಟ್ಟಿ ತುಳಿದಾಗ ಚಕ್ರ ಲಾಕ್ ಆಗದಂತೆ ಕಾಯುವವರು ಇರುವುದಿಲ್ಲ. ಈ ಲಾರಿ ವಾರಕ್ಕೆರಡು ಸಲ ಶಿರಾಡಿ ಘಾಟಿ ಹತ್ತಿಳಿಯುವಂಥದ್ದು. ಅಣ್ಣ ಡ್ರೈವರನ್ನು ಒಮ್ಮೆ ನೋಡಿದರು, ಮಾತಾಡಲಿಲ್ಲ.

ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿದರೆ ದೀಪ ಮಿಣುಕಿ ಲೆಕ್ಕ ಹೇಳುತ್ತದೆ. ಎಣಿಸಿ ಚಾರ್ಟಿನಲ್ಲಿ ನೋಡಿದೆ: ಹಿಂದಿನ ಬಲ ಚಕ್ರ, ಸೆನ್ಸರಿನ ಅಂತರ ಜಾಸ್ತಿ. ಹೊಸ ಸೆನ್ಸರ್ ಎಲ್ಲಿ ಹಾಕಿದ್ದಾರೆಂದು ಲಾರಿಯಡಿ ಬಗ್ಗಿದರೆ, ಹಿಂದಿನ ಎಡ ಚಕ್ರಕ್ಕೆ! ಹಾಕಿದವನು ಲಾರಿಯ ಮುಂದೆ ಅದಕ್ಕೆ ಮುಖ ಮಾಡಿ ನಿಂತು ಬಲ ಎಣಿಸಿದ್ದಿರಬೇಕು. ನಗುವ ಹಕ್ಕು ನನಗಿಲ್ಲ, ಕಲಿಯುವ ಕಾಲದಲ್ಲಿ ನಾನೂ ಅದನ್ನೇ ಮಾಡಿ ಬೈಸಿಕೊಂಡವನು. ಅಂದಿನಿಂದ ನನ್ನ ಬಾಯಲ್ಲಿ ಎಡ ಬಲ ಇಲ್ಲ, ಡ್ರೈವರ್ ಸೈಡ್, ಕ್ಲೀನರ್ ಸೈಡ್ ಅಷ್ಟೇ.

ಡ್ರೈವರ್ ಸೈಡಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದೆ. 1,190 ಓಮ್. ಈ ಜಾತಿಯ ಸೆನ್ಸರಿಗೆ ಅದು ಸರಿಯಾದ ಲೆಕ್ಕವೇ. ಇಲ್ಲಿಗೇ ನಿಲ್ಲಿಸಿ "ಸೆನ್ಸರ್ ಒಳ್ಳೆಯದುಂಟು, ಕಂಪ್ಯೂಟರ್ ಹೋಗಿದೆ" ಎಂದು ಮಾಲೀಕರ ಎದೆ ಒಡೆಯುವವರಿದ್ದಾರೆ. ಆದರೆ ಓಮ್ ಹೇಳುವುದು ಒಳಗಿನ ಸುರುಳಿ ತುಂಡಾಗಿಲ್ಲ ಎಂಬಷ್ಟನ್ನೇ. ಸೆನ್ಸರ್ ಅಂದರೆ ಒಂದು ಅಯಸ್ಕಾಂತ, ಅದರ ಸುತ್ತ ತಂತಿ. ಚಕ್ರದ ನಡುವಿನ ಹಬ್ಬಿನಲ್ಲಿ ನೂರು ಹಲ್ಲಿನ ಬಳೆಯೊಂದು ಉಂಟು. ಹಲ್ಲು ತುದಿಯೆದುರು ಹಾದಂತೆಲ್ಲ ತಂತಿಯಲ್ಲಿ ಸಣ್ಣ ಕರೆಂಟು ಹುಟ್ಟಬೇಕು. ಹುಟ್ಟುತ್ತದೋ ಇಲ್ಲವೋ ಎಂಬುದು ಚಕ್ರ ತಿರುಗದೆ ತಿಳಿಯುವುದಿಲ್ಲ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬಿಸಿ ಹ್ಯಾಂಡ್ ಬ್ರೇಕ್ ಬಿಟ್ಟು, ನ್ಯೂಟ್ರಲ್ ಮಾಡಿ ಜಾಕಿ ಏರಿಸಿದೆವು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, "ಎರಡು ಸೆಕೆಂಡಿಗೆ ಒಂದು ಸುತ್ತು, ಒಂದೇ ಹದ" ಎಂದು ಹುಡುಗನಿಗೆ ಹೇಳಿದೆ. ಕಡಿಮೆಯೆಂದರೂ 0.2 ವೋಲ್ಟ್ ಬರಬೇಕಿತ್ತು. ಬಂದದ್ದು 0.06.

ಚಕ್ರ, ಡ್ರಮ್ ಬಿಚ್ಚಿದಾಗ ಕಾರಣ ಕಂಡಿತು. ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಸುರಿದ ಜಾಗ ಅದು. ಸೆನ್ಸರ್ ಕೂತ ತೂತಿನೊಳಗೆ ತುಕ್ಕು ಪದರ ಪದರವಾಗಿ ಉಬ್ಬಿ, ಅದನ್ನು ಹಿಂದಕ್ಕೆ ನೂಕಿ ಬಿಗಿಹಿಡಿದಿತ್ತು. ಒಂದು ಮಿಲಿಮೀಟರಿಗಿಂತ ಹತ್ತಿರ ಇರಬೇಕಾದ ತುದಿ ಹಲ್ಲಿನಿಂದ ಎಷ್ಟೋ ದೂರ. ಅಂದರೆ ಸೆನ್ಸರ್ ಸತ್ತಿರಲಿಲ್ಲ. ತೆಗೆದು ಒರೆಸಿ ವಾಪಸ್ ಕೂರಿಸಿದರೆ ಮುಗಿಯಿತು ಅಂದುಕೊಂಡೆ.

ತುಕ್ಕು ಬಿಡಿಸುವ ಎಣ್ಣೆ ಹೊಡೆದು ಚಹಾ ಕುಡಿದು ಬಂದೆವು. ಅಷ್ಟರಲ್ಲಿ ಮೀನಿನ ವಾಸನೆಗೆ ಎರಡು ಬೆಕ್ಕು ಲಾರಿಯಡಿ ಬಂದು ಕೂತಿದ್ದವು. ಪ್ಲಯರಿನಲ್ಲಿ ಹಿಡಿದು ಮೆಲ್ಲ ತಿರುಚಿದೆ, ಅಲುಗಾಡಲಿಲ್ಲ. ಇನ್ನು ಸ್ವಲ್ಪ. ಟಕ್ಕೆಂದು ಕುತ್ತಿಗೆಯಲ್ಲಿ ವಯರ್ ಕಿತ್ತು ಕೈಗೆ ಬಂತು. ಇಷ್ಟು ಹೊತ್ತು ಬದುಕಿದ್ದದ್ದು ಸತ್ತದ್ದು ನನ್ನ ಕೈಯಲ್ಲೇ. ಉಳಿದದ್ದನ್ನು ಕುಟ್ಟಿ ಹೊರಗೆ ತೆಗೆದಾಗ ಅದರ ತುದಿಯಲ್ಲಿ ಕಬ್ಬಿಣದ ಹುಡಿ ಮುಳ್ಳುಹಂದಿಯ ಬೆನ್ನಿನ ಹಾಗೆ ಎದ್ದು ನಿಂತಿತ್ತು. ಬೆರಳಿಂದ ಒರೆಸಿದರೆ ಒರಗುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ.

ಭಾನುವಾರ, ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಾಗಿಲು. ಮರುದಿನ ಬೆಳಗಿನ ಜಾವ ಬಂದರಿನಲ್ಲಿ ಲೋಡು.

"ನನ್ನಿಂದಲೇ ತುಂಡಾಯ್ತು ಅಣ್ಣ" ಅಂದೆ. ಅಡಗಿಸಿ ಪ್ರಯೋಜನ ಇಲ್ಲ, ಅವರು ಪಕ್ಕದಲ್ಲೇ ನಿಂತಿದ್ದರು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸೈಡಿಂದ ತೆಗ್ದದ್ದು ಎಲ್ಲಿ ಹಾಕಿದಿ ಮಾರಾಯ?" ಎಂದು ಡ್ರೈವರಿಗೆ ಕೇಳಿದರು. ಅದು ಸೀಟಿನಡಿಯ ಟೂಲ್ ಬಾಕ್ಸಿನಲ್ಲಿ, ಪೇಪರಿನಲ್ಲಿ ಸುತ್ತಿ ಇತ್ತು. ನನಗೆ ಹೊಳೆಯಬೇಕಾದದ್ದು ಅವರಿಗೆ ಹೊಳೆದಿತ್ತು. ತಪ್ಪು ಚಕ್ರದಿಂದ ತೆಗೆದ ಸೆನ್ಸರ್, ತಪ್ಪೇನೂ ಇಲ್ಲದ್ದು. ಮೀಟರ್ ಹಿಡಿದೆ: 1,210. ವಯರಿನ ಉದ್ದವೂ ಅಷ್ಟೇ.

ತೂತನ್ನು ಎಮ್ರಿ ಪೇಪರಿನಲ್ಲಿ ಹೊಳೆಯುವಷ್ಟು ತಿಕ್ಕಿ, ಬಳೆಯ ಹಲ್ಲುಗಳಿಗೆ ಬ್ರಷ್ ಹಾಕಿ, ಸೆನ್ಸರನ್ನು ಹಿಡಿದಿಡುವ ಹೊಸ ಸ್ಪ್ರಿಂಗ್ ಬುಶ್ಶಿಗೆ ಗ್ರೀಸ್ ಸವರಿ ಕೂರಿಸಿದೆ. ಬುಶ್ ನನ್ನ ಡಬ್ಬದಲ್ಲಿ ಯಾವಾಗಲೂ ಇರುತ್ತದೆ. ಸೆನ್ಸರಿಗೆ ಸುತ್ತಿಗೆ ಮುಟ್ಟಿಸಬಾರದು, ಹೆಬ್ಬೆರಳಲ್ಲಿ ಒತ್ತಿ ಹಲ್ಲಿಗೆ ತಾಗುವವರೆಗೆ ನೂಕಿದರೆ ಸಾಕು. ಚಕ್ರ ತಿರುಗಿದಾಗ ಹಲ್ಲುಗಳೇ ತಮಗೆ ಬೇಕಾದಷ್ಟು ಹಿಂದೆ ತಳ್ಳಿಕೊಳ್ಳುತ್ತವೆ. ಬೇರಿಂಗ್ ಲೂಸಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ತಳ್ಳುತ್ತವೆ. ಅದಕ್ಕೇ ಹಬ್ಬನ್ನು ಅಲುಗಿಸಿ ನೋಡಿಕೊಂಡೆ, ಗಟ್ಟಿಯಿತ್ತು. ಹುಡುಗ ಮತ್ತೆ ತಿರುಗಿಸಿದ. 0.7 ವೋಲ್ಟ್.

ಕೀ ಹಾಕಿದಾಗ ದೀಪ ಇನ್ನೂ ಉರಿಯುತ್ತಿತ್ತು. ಅಣ್ಣನ ಮುಖ ಸಣ್ಣದಾಯಿತು. "ಚಕ್ರ ಓಡ್ಲಿ, ಆಮೇಲೆ ನೋಡುವ" ಎಂದು ಮೂವರೂ ಹತ್ತಿ ಮಲ್ಪೆ ರಸ್ತೆಗೆ ಇಳಿದೆವು. ಎರಡನೇ ಗೇರ್ ಬಿದ್ದು ಲಾರಿ ಸ್ವಲ್ಪ ವೇಗ ಹಿಡಿದದ್ದೇ, ಪಕ್ಕನೆ ಆರಿತು. ಕಲ್ಮಾಡಿ ದಾಟುವವರೆಗೂ ಯಾರೂ ಆ ಜಾಗದಿಂದ ಕಣ್ಣು ತೆಗೆಯಲಿಲ್ಲ.

"ಈಗ ಬೇಕಾದ್ರೆ ಬಲ್ಬ್ ತೆಗಿ" ಅಂದರು ಅಣ್ಣ, ಡ್ರೈವರಿಗೆ.